ಮೇಲಿನ ಬಾವಿ, ಕೆಳಗಿನ ಬಾವಿ

ಮೊದಲು ಮೇಲಿನ ಬಾವಿಗೇ ಹೋಗಬೇಕು. ಬೆಳಗಿನ ಏಳು ಗಂಟೆ. ಸೋಣ ತಿಂಗಳ ಮಳೆ ರಾತ್ರಿಯಿಡೀ ಸುರಿದು ಈಗಷ್ಟೇ ಬಿಟ್ಟಿದೆ. ಮಂಗಳೂರಿನ ಅಂಚಿನಲ್ಲಿರುವ ಪಚ್ಚನಾಡಿಯ ಗುಡ್ಡೆಯ ಕೆಂಪು ದಾರಿಯಲ್ಲಿ ಇನ್ನೂ ನೀರು ಇಳಿಯುತ್ತಿದೆ. ನಿಮ್ಮ ಕಾಲಿಗೆ ಗಮ್‌ಬೂಟು, ಕೈಗೆ ರಬ್ಬರ್ ಗ್ಲೌಸು, ಹೆಗಲಿಗೆ ನೀರಿನ ಮಟ್ಟ ಅಳೆಯುವ ಟೇಪಿನ ಸುರುಳಿ. ಜೊತೆಗೆ ಇಬ್ಬರಿದ್ದಾರೆ. ಒಬ್ಬರು ಇದೇ ಕೆಲಸದಲ್ಲಿ ತಲೆ ನರೆತವರು. ಇನ್ನೊಬ್ಬ ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದ ಹುಡುಗ. ಅವನಿಗೆ ನೇರವಾಗಿ ಕಸದ ಬುಡಕ್ಕೇ ಇಳಿಯುವ ಅವಸರ.

“ಅಲ್ಲಿಗೆ ಕೊನೆಗೆ ಮಾರಾಯ,” ಎನ್ನುತ್ತಾರೆ ಹಿರಿಯರು. “ಕೊಳಕು ಮುಟ್ಟಿದ ಕೈಯಲ್ಲಿ ಒಳ್ಳೆ ನೀರು ಮುಟ್ಲಿಕ್ಕಿಲ್ಲ.”

ಇದು ಬರೀ ಮಡಿಯ ಮಾತಲ್ಲ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಐ.ಎಸ್. 10500 ಮಾನದಂಡ. ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣ ಅಂಕಿಯನ್ನು ಹುಡುಕುವಾಗ ಕಸದ ಬುಡದಲ್ಲಿ ಅದ್ದಿದ ಹಗ್ಗ, ಅಲ್ಲಿ ಹಿಡಿದ ಗ್ಲೌಸು, ಅಲ್ಲಿ ಇಟ್ಟ ಮುಚ್ಚಳ ಯಾವುದೂ ಒಳ್ಳೆಯ ಬಾವಿಯ ಹತ್ತಿರ ಸುಳಿಯುವಂತಿಲ್ಲ. ಆದ್ದರಿಂದ ಕ್ರಮ ಹೀಗೆ: ಶುದ್ಧವಿರಬಹುದಾದ ನೀರು ಮೊದಲು, ಕೆಟ್ಟಿದೆ ಎಂದು ಗೊತ್ತಿರುವುದು ಕೊನೆಗೆ. ಪ್ರತಿ ಬಾವಿಗೂ ಹೊಸ ಗ್ಲೌಸು.

ಮೇಲಿನ ಬಾವಿ ಎಂದರೆ ಕಸದ ರಾಶಿಗಿಂತ ಮೇಲ್ಗಡೆ, ನೆಲದಡಿಯ ನೀರು ರಾಶಿಯನ್ನು ಮುಟ್ಟುವುದಕ್ಕೆ ಮೊದಲು ಸಿಗುವ ಜಾಗ. ಕಟ್ಟೆಯ ಮೇಲೆ ಬಿಳಿ ಬಣ್ಣದ ಒಂದು ಗುರುತಿದೆ. ಟೇಪಿನ ತುದಿಯ ಉಕ್ಕಿನ ಮೂತಿಯನ್ನು ಅಲ್ಲಿಂದ ಇಳಿಬಿಡುತ್ತೀರಿ. ಒಳಗೆ ತಂಪು, ಜರಿಗಿಡದ ಹಸಿ ವಾಸನೆ, ಕೆಳಗೆ ಒಂದು ತುಂಡು ಆಕಾಶ. ಮೂತಿ ನೀರು ಮುಟ್ಟಿದ ಕೂಡಲೇ ಸುರುಳಿ ಕುಂಯ್ ಎನ್ನುತ್ತದೆ. ಎತ್ತುತ್ತೀರಿ, ಸದ್ದು ನಿಲ್ಲುತ್ತದೆ. ಇಳಿಸುತ್ತೀರಿ, ಮತ್ತೆ ಕುಂಯ್. ಸೆಂಟಿಮೀಟರಿನವರೆಗೆ ಓದಿ ಹೇಳುತ್ತೀರಿ, ಹುಡುಗ ಬರೆದುಕೊಳ್ಳುತ್ತಾನೆ. ಆ ಬಿಳಿ ಗುರುತು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೊದಲೇ ಅಳೆದಿಟ್ಟಿರುತ್ತಾರೆ. ಆಳವನ್ನು ಅದರಿಂದ ಕಳೆದರೆ ನೀರಿನ ನಿಜವಾದ ಎತ್ತರ ಸಿಗುತ್ತದೆ. ಹೀಗೆ ಕನಿಷ್ಠ ಮೂರು ಬಾವಿಗಳ ಎತ್ತರ ಗೊತ್ತಾದರೆ ಕಾಗದದ ಮೇಲೆ ತ್ರಿಕೋನ ಎಳೆದು ನೆಲದಡಿಯ ನೀರು ಯಾವ ಕಡೆ ವಾಲಿದೆ ಎಂದು ಹೇಳಬಹುದು. ಗುಡ್ಡೆಯ ಇಳಿಜಾರು ನೋಡಿದರೆ ಸಾಕಲ್ಲ ಎಂದು ಹುಡುಗ ಕೇಳುತ್ತಾನೆ. ಸಾಕಾಗುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕೊಳವೆಬಾವಿಗೆ ಪಂಪು ಇಳಿಸಿ ಹಗಲಿಡೀ ಎಳೆದರೆ ನೀರಿನ ದಾರಿ ಅತ್ತ ತಿರುಗುತ್ತದೆ. ಮೇಲೆ ನಿಂತು ನೋಡುವವರಿಗೆ ಇಳಿಜಾರು ಮೊದಲಿನ ಹಾಗೆಯೇ ಕಾಣುತ್ತಿರುತ್ತದೆ.

ನೀರನ್ನು ಸೇದಿ ಮೀಟರಿನ ಕಡ್ಡಿ ಅದ್ದುತ್ತಾರೆ. ಕರಾವಳಿಯ ಮುರಕಲ್ಲಿನ ನೀರು ಸಾಮಾನ್ಯವಾಗಿ ಮೆದು. ಲವಣ ಕಡಿಮೆ, ಎಷ್ಟೋ ಕಡೆ ಸ್ವಲ್ಪ ಹುಳಿ ಗುಣವೂ ಉಂಟು. ಆದ್ದರಿಂದ ಈ ನೆಲದಲ್ಲಿ ವಿದ್ಯುತ್ ವಾಹಕತೆಯ ಮೀಟರು ಬಹಳ ಉಪಕಾರಿ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದು ಕರೆಂಟನ್ನು ಸುಲಭವಾಗಿ ಬಿಡುತ್ತದೆ. ಲೀಚೇಟ್, ಅಂದರೆ ಕಸದೊಳಗಿಂದ ಬಸಿದು ಬರುವ ಕಪ್ಪು ನೀರು, ಲವಣದಿಂದ ತುಂಬಿರುತ್ತದೆ. ಮೆದು ನೀರಿಗೆ ಅದು ಸ್ವಲ್ಪ ಬೆರೆತರೂ ಅಂಕಿ ಏರುತ್ತದೆ.

“ಬರ್ಕೊಂಡೆಯಾ?” ಹಿರಿಯರು ಎರಡು ಸಲ ಕೇಳುತ್ತಾರೆ. “ಈ ಬಾವಿಯ ನಂಬರು ಇಲ್ಲದಿದ್ರೆ ಕೆಳಗಿನ ನಂಬರಿಗೆ ಬಾಯಿ ಇಲ್ಲ. ಅಲ್ಲಿ ಕಬ್ಬಿಣ ಸಿಕ್ಕಿದ್ರೆ ಅವರು ಹೇಳ್ತಾರೆ, ಇದು ಮುರಕಲ್ಲಿನ ಊರು, ಕಬ್ಬಿಣ ಮೊದ್ಲೇ ಇತ್ತು ಅಂತ. ಆಗ ನಾವು ಈ ಬಾವಿಯನ್ನು ತೋರಿಸ್ಬೇಕು.”

ಕಟ್ಟೆ ಇಳಿದು ಬರುವಾಗ ಕಸದ ಗುಡ್ಡ ಕಾಣುತ್ತದೆ. ಮೇಲೆ ಹದ್ದು, ಕೊಕ್ಕರೆ. ಹುಲ್ಲು ಬೆಳೆದ ಕಡೆ ಅದು ಬೇರೆ ಗುಡ್ಡೆಗಳ ಹಾಗೆಯೇ ತೋರುತ್ತದೆ; ಹತ್ತಿರ ಹೋದರೆ ಮಣ್ಣಿನಿಂದ ಪ್ಲಾಸ್ಟಿಕ್ಕಿನ ತುದಿಗಳು ಹೊರಬಂದಿವೆ. 2019ರ ಆಗಸ್ಟ್‌ನಲ್ಲಿ ಮಳೆಗೆ ನೆನೆದ ಈ ರಾಶಿ ಜರಿದು, ಕೆಳಗಿನ ಮಂದಾರದ ಕಡೆಗೆ ದಿನಗಟ್ಟಲೆ ನಿಧಾನಕ್ಕೆ ಹರಿದುಕೊಂಡು ಹೋಯಿತು. ಅಡಿಕೆ ಮರಗಳು, ತೆಂಗಿನ ಮರಗಳು ನಿಂತ ಹಾಗೆಯೇ ವಾಲಿ ಹೂತುಹೋದವು. ಮನೆಗಳು ಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹುಟ್ಟಿದ ಜಾಗ ಬಿಟ್ಟು ಹೋಗಬೇಕಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಹಳೆಯ ಕಸವನ್ನು ಅಗೆದು, ಜರಡಿ ಹಿಡಿದು ವಿಂಗಡಿಸುವ ಬಯೋಮೈನಿಂಗ್ ಕೆಲಸವೂ ಶುರುವಾಯಿತು. ಆ ದಿನಗಳ ಫೋಟೋಗಳನ್ನು ರಾಜ್ಯವಿಡೀ ನೋಡಿತು. ಫೋಟೋದಲ್ಲಿ ಸಿಗದ ಒಂದು ಸಂಗತಿಯನ್ನು ಇಲ್ಲಿ ನಿಂತು ಯೋಚಿಸಬೇಕು. ನಿಯಮದ ಪ್ರಕಾರ ಕಟ್ಟಿದ ಲ್ಯಾಂಡ್‌ಫಿಲ್ಲಿನ ಅಡಿಗೆ 90 ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಪದರ, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ಬಸಿದ ನೀರನ್ನು ಒಯ್ಯುವ ಕೊಳವೆಗಳು ಇರಬೇಕು. ಆದರೆ ಜರಿದು ಬಂದ ಕಸದ ಅಡಿಯಲ್ಲಿ ಏನಿತ್ತು? ಬರೀ ತೋಟದ ಮಣ್ಣು. ಗೊಬ್ಬರ ಹಾಕಿ, ಸೊಪ್ಪು ಹಾಕಿ, ತಲೆಮಾರುಗಳು ಸಡಿಲಗೊಳಿಸಿಟ್ಟಿದ್ದ, ನೀರನ್ನು ಗಟಗಟ ಕುಡಿಯುವ ಮಣ್ಣು.

ಆ ಮಣ್ಣಿನ ಕೆಳಗೆ ಮುರಕಲ್ಲು. ದಾರಿ ಕಡಿದ ಜಾಗದಲ್ಲಿ ಅದರ ಒಳಮೈ ಕಾಣುತ್ತದೆ, ನೀರ್‌ದೋಸೆಯ ಹಾಗೆ ಮೈತುಂಬ ತೂತು. ಮುಟ್ಟಿ ನೋಡಿ, ರಾತ್ರಿಯ ಮಳೆ ಆ ತೂತುಗಳಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಅದರ ಕೆಳಗಿರುವುದು ಶೇಡಿ ಮಣ್ಣು: ಬಿಳಿ, ತಿಳಿಗೆಂಪು ಬಣ್ಣದ, ಕೈಗೆ ನುಣ್ಣಗೆ ಹತ್ತುವ ಮಣ್ಣು. ಮುರಕಲ್ಲಿನಲ್ಲಿ ಸರಸರ ಇಳಿದ ನೀರು ಶೇಡಿಗೆ ಬಂದು ತಡೆಯುತ್ತದೆ, ಅಲ್ಲಿಂದ ಅಡ್ಡಕ್ಕೆ ಹೊರಡುತ್ತದೆ. ಕರಾವಳಿಯ ಬಾವಿಗಳು ಜೂನ್‌ನಲ್ಲಿ ಕೆಲವೇ ದಿನಗಳಲ್ಲಿ ತುಂಬುವುದೂ, ಮಳೆ ನಿಂತ ಮೇಲೆ ಬೇಗ ಇಳಿಯುವುದೂ ಇದೇ ಕಾರಣಕ್ಕೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಮಳೆ ಬೀಳುವ, ಇಷ್ಟು ತೂತಿನ ನೆಲದ ಮೇಲೆ ಒಂದು ಊರಿನ ಕಸವನ್ನು ಪೇರಿಸಿದರೆ ಕಸದ ರಸಕ್ಕೆ ದಾರಿ ಹುಡುಕುವ ಕಷ್ಟವೇ ಇಲ್ಲ.

ಎರಡನೆಯದು ಬಾವಿಯಲ್ಲ, ಪರೀಕ್ಷೆಗೆಂದೇ ಕೊರೆದ ಕೊಳವೆ. ಕಸದ ಗಡಿಯಿಂದ ನಾಲ್ಕು ಹೆಜ್ಜೆ ಆಚೆ, ಕಬ್ಬಿಣದ ಮುಚ್ಚಳ, ಬೀಗ. ಲ್ಯಾಂಡ್‌ಫಿಲ್ಲಿನ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆಗಾಲದ ನಂತರ ಹೀಗೆ ಮೂರು ಕಾಲಗಳಲ್ಲೂ ಪರೀಕ್ಷಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಬೀಗ ತೆಗೆದ ಕೂಡಲೇ ನೀರು ತುಂಬಿಸಿಕೊಂಡು ಹೋಗುವ ಹಾಗಿಲ್ಲ. ಕೊಳವೆಯೊಳಗೆ ನಿಂತ ನೀರು ವಾರಗಟ್ಟಲೆ ಗಾಳಿ, ಪ್ಲಾಸ್ಟಿಕ್ಕಿನ ಜೊತೆ ನಿಂತ ನೀರು. ಅದು ನೆಲದ ನೀರಿನ ಪರವಾಗಿ ಮಾತಾಡುವುದಿಲ್ಲ. ಅದನ್ನು ಹೊರಗೆ ತೆಗೆಯಬೇಕು. ರೂಢಿಯ ಲೆಕ್ಕ, ಕೊಳವೆಯಲ್ಲಿ ನಿಂತ ನೀರಿನ ಮೂರು ಪಟ್ಟು. ಹತ್ತು ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಹತ್ತು ಮೀಟರ್ ನೀರಿದ್ದರೆ ಸುಮಾರು 78 ಲೀಟರ್ ಆಯಿತು. ಮೂರು ಪಟ್ಟೆಂದರೆ ಇನ್ನೂರು ಲೀಟರಿಗೂ ಮೇಲೆ.

ಸಣ್ಣ ಪಂಪು ಗುರ್ ಎನ್ನತೊಡಗುತ್ತದೆ. ನೀರು ಪಾರದರ್ಶಕ ಡಬ್ಬಿಯೊಂದರ ಮೂಲಕ ಹರಿದು ಡ್ರಮ್ಮಿಗೆ ಬೀಳುತ್ತಿದೆ. ಕೆಟ್ಟಿರಬಹುದಾದ ನೀರನ್ನು ಅಲ್ಲೇ ನೆಲಕ್ಕೆ ಚೆಲ್ಲಬಾರದು. ಡಬ್ಬಿಯಲ್ಲಿ ಕಡ್ಡಿಗಳು ಮುಳುಗಿವೆ. ಮೂರು ನಿಮಿಷಕ್ಕೊಮ್ಮೆ ಹುಡುಗ ಓದುತ್ತಾನೆ: ಪಿ.ಎಚ್., ವಾಹಕತೆ, ತಾಪ, ಕರಗಿದ ಆಮ್ಲಜನಕ. ಮೊದಲು ಅಂಕಿಗಳು ಓಡಾಡುತ್ತವೆ. ಸತತ ಮೂರು ಸಲ ಪಿ.ಎಚ್. 0.1ರೊಳಗೆ, ವಾಹಕತೆ ಶೇಕಡ 3ರೊಳಗೆ ನಿಂತರೆ ಈಗ ಬರುತ್ತಿರುವುದು ಕಲ್ಲಿನೊಳಗಿನ ನೀರು ಎಂದು ಒಪ್ಪಬಹುದು. ಅಲ್ಲಿಯವರೆಗೆ ಕಾಯಬೇಕು. ಸೊಳ್ಳೆ ಕಚ್ಚುತ್ತದೆ, ಬೆವರು ಗ್ಲೌಸಿನೊಳಗೆ ಸೇರುತ್ತದೆ, ಗಾಳಿ ತಿರುಗಿದಾಗ ರಾಶಿಯ ಹುಳಿ ನಾತ ಗಂಟಲಿಗೇ ಬಂದು ಕೂರುತ್ತದೆ. ಈ ಕಾಯುವಿಕೆಯಲ್ಲಿ ಕೈಬಿಟ್ಟ ಹತ್ತು ನಿಮಿಷವೇ ಮುಂದೆ ಒಂದು ವರದಿಯನ್ನು ನೆಲಸಮ ಮಾಡಬಲ್ಲದು ಎಂಬುದು ಹಿರಿಯರಿಗೆ ಗೊತ್ತು. ಅವರು ಬಗ್ಗಿ ನಿಂತೇ ಇದ್ದಾರೆ.

ನಿಂತಿತು. ಈಗ ಬಾಟಲಿಗಳ ಸರದಿ. ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿದ ಬಾಟಲಿ, ಇಲ್ಲದಿದ್ದರೆ ಸೀಸ, ಕ್ಯಾಡ್ಮಿಯಂ ಬಾಟಲಿಯ ಗೋಡೆಗೆ ಅಂಟಿಕೊಂಡು ಪರೀಕ್ಷೆಗೆ ಸಿಗುವುದಿಲ್ಲ. ಅಮೋನಿಯಾಕ್ಕೆ ಸಲ್ಫ್ಯೂರಿಕ್ ಆಮ್ಲದ್ದು. ಬೆಂಜೀನಿನಂಥ ಆವಿಯಾಗುವ ದ್ರಾವಕಗಳಿಗೆ ಕಂದು ಗಾಜಿನ ಪುಟ್ಟ ಶೀಶೆ. ಅದನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮುಚ್ಚಳ ಹಾಕಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡುತ್ತೀರಿ. ಗುಳ್ಳೆ ಎದ್ದರೆ ಮತ್ತೆ ಮೊದಲಿನಿಂದ. ಹುಡುಗ ಇನ್ನೊಂದು ಬಾಟಲಿ ತೆರೆದು ಅದಕ್ಕೆ ತಂದ ಬಟ್ಟಿ ಇಳಿಸಿದ ನೀರನ್ನೇ ತುಂಬುತ್ತಾನೆ. ಅದು ಇಲ್ಲಿಯ ಗಾಳಿಯಿಂದ, ನಮ್ಮ ಕೈಯಿಂದ ಏನಾದರೂ ಸೇರಿತೇ ಎಂದು ಹೇಳುವ ಬಾಟಲಿ. ಅದರಲ್ಲಿ ಸೀಸ ಕಂಡರೆ ಉಳಿದವನ್ನೆಲ್ಲ ಅನುಮಾನಿಸಬೇಕು. ಎಲ್ಲಕ್ಕೂ ಚೀಟಿ ಅಂಟಿಸಿ, ದಿನ, ವೇಳೆ, ಸಹಿ ಬರೆದು ಐಸ್ ಪೆಟ್ಟಿಗೆಗೆ.

ಮಂದಾರದ ಕಡೆ ಇಳಿಯುವ ದಾರಿಯಲ್ಲಿ ತೋಟ ಶುರುವಾಗುತ್ತದೆ. ಕಂಗುಗಳ ನಡುವೆ ಬಿದ್ದ ಸೋಗೆ, ಮುರಿದ ತಡಮ್ಮೆ, ಅದರಾಚೆ ಹೆಂಚಿನ ಮನೆ. ಅಂಗಳದಲ್ಲಿ ತುಳಸಿ, ಬದಿಯಲ್ಲಿ ರಾಟೆ ಇರುವ ಬಾವಿ. ಅರವತ್ತು ದಾಟಿದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಬಾಯಾರಿಕೆಗೆ ತರ್ತೇನೆ.”

ಕರಾವಳಿಯ ಮನೆಗೆ ಬಂದವರಿಗೆ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ತಟ್ಟೆ ನಿಮ್ಮ ಮುಂದೆ ಬರುತ್ತದೆ. ನಿಮ್ಮ ಕೈ ಲೋಟದ ಹತ್ತಿರ ಒಂದು ಕ್ಷಣ ನಿಲ್ಲುತ್ತದೆ, ಅದನ್ನು ಅವರು ನೋಡುತ್ತಾರೆ.

“ಹೆದ್ರಬೇಡಿ. ಬಾವಿದಲ್ಲ, ನಳ್ಳಿದು.”

ನೀವು ಕುಡಿಯುತ್ತೀರಿ. ಮನೆಗೆ ಬಂದವರಿಗೆ ನೀರು ಕೊಡುವಾಗ ಅದು ಎಲ್ಲಿಯದೆಂದು ಹೇಳಿ ಧೈರ್ಯ ತುಂಬಬೇಕಾದ ಸ್ಥಿತಿ ಬಂದಿದೆಯಲ್ಲ, ಇದಕ್ಕೆ ಯಾವ ಪ್ರಯೋಗಾಲಯದ ತಖ್ತೆಯಲ್ಲೂ ಅಂಕಣವಿಲ್ಲ. ನನ್ನ ಮಟ್ಟಿಗೆ ಈ ನಷ್ಟವನ್ನೂ ಪರಿಹಾರದ ಲೆಕ್ಕದಲ್ಲಿ ಬರೆಯಬೇಕು.

“ಅಕ್ಕ, ಬಾವಿ ನೀರು ಯಾವಾಗಿಂದ ಬಿಟ್ರಿ?” ಹಿರಿಯರು ಕೇಳುತ್ತಾರೆ.

“ಚಾ ಕಪ್ಪು ಬರ್ಲಿಕ್ಕೆ ಶುರು ಆದಾಗ. ಮೊದ್ಲು ನಮ್ಮ ಚಾ ಕೆಂಪು ಬರ್ತಿತ್ತು. ಆಮೇಲೆ ಎಷ್ಟು ಹಾಲು ಹಾಕಿದ್ರೂ ಕಪ್ಪು. ಬಿಳಿ ಬಟ್ಟೆಗೆ ಕಲೆ. ಕೊಡಪಾನದಲ್ಲಿ ರಾತ್ರಿ ಇಟ್ರೆ ಬೆಳಿಗ್ಗೆ ಅಡಿಗೆ ಕೆಂಪು ಗಸಿ.”

ಹುಡುಗ ಪುಸ್ತಕದಿಂದ ತಲೆ ಎತ್ತುತ್ತಾನೆ. ಅವನು ಓದಿದ್ದೆಲ್ಲ ಈ ಚಹಾದೊಳಗಿದೆ. ಕಸದ ರಸದಲ್ಲಿ ಕೊಳೆಯುವ ಸಾವಯವ ವಸ್ತು ತುಂಬ ಇರುತ್ತದೆ. ಅದು ನೆಲದಡಿಗೆ ಇಳಿದಾಗ ಅಲ್ಲಿಯ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ಮೊದಲು ನೀರಿನ ಆಮ್ಲಜನಕವನ್ನು ಮುಗಿಸುತ್ತವೆ. ನಂತರ ನೈಟ್ರೇಟನ್ನು ಬಳಸುತ್ತವೆ. ಅದೂ ಮುಗಿದರೆ ಕಲ್ಲಿನಲ್ಲಿರುವ ಮ್ಯಾಂಗನೀಸು, ಕಬ್ಬಿಣ. ಮುರಕಲ್ಲಿನಲ್ಲಿ ತುಕ್ಕಾಗಿ ಗಟ್ಟಿ ಕೂತಿದ್ದ ಕಬ್ಬಿಣ ಆಗ ಕರಗಿ ನೀರಿಗೆ ಬರುತ್ತದೆ. ಚಹಾದ ಒಗರಿನ ಟ್ಯಾನಿನ್ ಜೊತೆ ಸೇರಿ ಕಪ್ಪಾಗುತ್ತದೆ. ಗಾಳಿ ತಾಗಿದರೆ ಮತ್ತೆ ತುಕ್ಕಾಗಿ ಕೊಡಪಾನದ ತಳಕ್ಕೆ ಕೂರುತ್ತದೆ. ಕಸದಲ್ಲಿ ಕಬ್ಬಿಣ ಇದ್ದುದರಿಂದಲೇ ನೀರಿಗೆ ಕಬ್ಬಿಣ ಬಂತು ಎಂದುಕೊಳ್ಳಬೇಕಿಲ್ಲ. ನೆಲದ ಉಸಿರು ಕಟ್ಟಿದಾಗ ನೆಲವೇ ತನ್ನ ಕಬ್ಬಿಣವನ್ನು ಬಿಟ್ಟುಕೊಡುತ್ತದೆ.

ಇದರಿಂದಲೇ ಇನ್ನೊಂದು ವಿಷಯ ಹೊರಡುತ್ತದೆ, ವರದಿ ಓದುವವರು ಇದನ್ನು ತಿಳಿದಿರಲೇಬೇಕು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಒಳಗಿದೆ, ಆದ್ದರಿಂದ ಬಾವಿ ಸರಿಯಿದೆ ಎಂದು ಯಾರಾದರೂ ಹೇಳಿದರೆ ತಕ್ಷಣ ನಂಬಬಾರದು. ಕಸದ ರಸ ದಟ್ಟವಾಗಿರುವ ಕಡೆ ನೈಟ್ರೇಟ್ ಇರುವುದೇ ಇಲ್ಲ, ಸಾರಜನಕವೆಲ್ಲ ಅಮೋನಿಯಾ ರೂಪದಲ್ಲಿರುತ್ತದೆ. ಕೇಳಬೇಕಾದ ಅಂಕಿ ಅದು. ಕುಡಿಯುವ ನೀರಿಗೆ ಅದರ ಮಿತಿ 0.5 ಮಿಲಿಗ್ರಾಂ. ಜೊತೆಗೆ ಕ್ಲೋರೈಡ್. ಕ್ಲೋರೈಡನ್ನು ಮಣ್ಣು ಹಿಡಿದಿಡುವುದಿಲ್ಲ, ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ನೀರು ಹೋದಲ್ಲೆಲ್ಲ ಅದೂ ಹೋಗುತ್ತದೆ. ಬರಲಿರುವ ಕೇಡಿನ ಮುಂದೆ ಮೊದಲು ಬಂದು ನಿಲ್ಲುವುದು ಅದು.

“ಕುದಿಸಿ ಕುಡಿದ್ರೆ ಆಗ್ತದಾ?” ಹೆಂಗಸು ಕೇಳುತ್ತಾರೆ. “ಕೆಲವರು ಹಾಗೇ ಮಾಡ್ತಾರೆ.”

“ಇಲ್ಲ ಅಕ್ಕ. ಕುದಿಸಿದ್ರೆ ರೋಗಾಣು ಸಾಯ್ತದೆ. ಇದು ಹೋಗುದಿಲ್ಲ. ನೀರು ಆವಿ ಆದಷ್ಟೂ ಇದು ಗಟ್ಟಿ ಆಗ್ತದೆ.”

ಅವರು ತಲೆಯಾಡಿಸುತ್ತಾರೆ. ಹಿಂದೆಯೂ ಯಾರೋ ಬಾಟ್ಲಿ ತುಂಬಿಸಿಕೊಂಡು ಹೋಗಿದ್ದರಂತೆ, ರಿಪೋರ್ಟು ಬರಲಿಲ್ಲವಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ನೀವು ರಾಟೆಯ ಹಗ್ಗ ಬಿಟ್ಟು, ನಿಮ್ಮದೇ ಸ್ವಚ್ಛ ಹಗ್ಗದಲ್ಲಿ ಉಕ್ಕಿನ ಪಾತ್ರೆ ಇಳಿಸಿ ನೀರೆತ್ತುತ್ತೀರಿ. ಕಣ್ಣಿಗೆ ತಿಳಿಯಾಗಿಯೇ ಇದೆ. ಕಡ್ಡಿ ಅದ್ದಿದಾಗ ಬೆಳಗಿನ ಬಾವಿಯ ಅಂಕಿಗೂ ಇದಕ್ಕೂ ಇರುವ ಅಂತರ ಹುಡುಗನ ಮುಖದಲ್ಲಿ ಕಾಣುತ್ತದೆ. ಹಿರಿಯರು ಅಂಕಿಯನ್ನು ಅವನಿಂದ ಗಟ್ಟಿಯಾಗಿ ಓದಿಸುತ್ತಾರೆ, ಮನೆಯವರಿಗೂ ಕೇಳುವ ಹಾಗೆ.

ತೋಟದ ಕೆಳಗಿನ ತೋಡಿಗೆ ಬರುವಾಗ ಮಧ್ಯಾಹ್ನ. ಇದು ಮುಂದೆ ಹೋಗಿ ಫಲ್ಗುಣಿ ಹೊಳೆಗೆ ಸೇರುವ ನೀರು. ತೋಡಿಗೆ ಇಳಿಯುವಾಗಲೂ ಒಂದು ಕ್ರಮವಿದೆ. ಕೆಳಗಿನಿಂದ ಮೇಲಕ್ಕೆ ಮುಖ ಮಾಡಿ ನಿಲ್ಲಬೇಕು, ತಳದ ಕೆಸರು ಕಲಕಿದರೆ ಅದು ಹಿಂದಕ್ಕೆ ಹೋಗಬೇಕೇ ಹೊರತು ಬಾಟಲಿಗೆ ಬರಬಾರದು. ಬಾಟಲಿಯ ಬಾಯಿ ಹರಿವಿಗೆ ಎದುರಾಗಿರಬೇಕು. ಗುಡ್ಡದ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು ಮಾದರಿ, ಕೆಳಗೆ ಒಂದು.

ಮೇಲಿನ ಜಾಗದಲ್ಲಿ ನೀರು ಕಲ್ಲಿಗೆ ಬಡಿದು ಮಾತಾಡುತ್ತದೆ, ಪಾಚಿಯ ನಡುವೆ ಸಣ್ಣ ಮೀನುಗಳಿವೆ. ಇನ್ನೂರು ಮಾರು ಕೆಳಗೆ ಬಂದರೆ ದಡದಿಂದ ಕಿತ್ತಳೆ ಬಣ್ಣದ ಲೋಳೆ ಒಸರುತ್ತಿದೆ. ಅದರ ಮೇಲೆ ಎಣ್ಣೆಯ ಹಾಗೆ ಬಣ್ಣಬಣ್ಣದ ತೆಳು ಕೆನೆ. ಹುಡುಗ ‘ಡೀಸೆಲ್’ ಎನ್ನುತ್ತಾನೆ. ಹಿರಿಯರು ಕಡ್ಡಿಯೊಂದನ್ನು ಎತ್ತಿಕೊಟ್ಟು ಚುಚ್ಚಲು ಹೇಳುತ್ತಾರೆ. ಕೆನೆ ಒಣ ಎಲೆಯ ಹಾಗೆ ಚೂರುಚೂರಾಗಿ ಒಡೆದು ಹಾಗೆಯೇ ನಿಲ್ಲುತ್ತದೆ. ಡೀಸೆಲ್ ಆಗಿದ್ದರೆ ಒಡೆದದ್ದು ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಮುರಕಲ್ಲಿನ ನಾಡಿನ ತೋಡುಗಳಲ್ಲಿ ಇದು ಸಹಜವಾಗಿಯೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಇದೊಂದನ್ನೇ ಹಿಡಿದು ದೂರು ಹೇಳಲಾಗದು. ಆದರೆ ಮೇಲೆ ಇಲ್ಲದ್ದು ಇಲ್ಲಿ ಇದ್ದರೆ, ಜೊತೆಗೆ ಅಮೋನಿಯಾವೂ ಏರಿದ್ದರೆ, ನೆಲದಡಿಯ ನೀರು ತೋಡಿಗೆ ಬಂದು ಬೀಳುತ್ತಿರುವ ಜಾಗ ಸಿಕ್ಕಿತು ಎಂದರ್ಥ.

ಆಮ್ಲಜನಕದ ಕಡ್ಡಿಯನ್ನು ನೀರಿಗೆ ಇಳಿಸುತ್ತೀರಿ. ನಮ್ಮ ತಾಪಮಾನದಲ್ಲಿ ಗಾಳಿಯಾಡುವ ಶುದ್ಧ ನೀರು ಲೀಟರಿಗೆ ಹೆಚ್ಚುಕಡಿಮೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಮೀನು ಬದುಕುವ ನೀರಿಗೆ ಕನಿಷ್ಠ 4 ಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಕೆಳಗಿನ ಜಾಗದಲ್ಲಿ ಅಂಕಿ ಇಳಿಯುತ್ತಾ ಹೋಗುವುದನ್ನು ನೋಡುತ್ತಾ ನಿಲ್ಲುವುದು ಕಷ್ಟದ ಕೆಲಸ. ಇಲ್ಲಿ ಮೀನುಗಳು ಕಾಣುತ್ತಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ತೋಡಿನ ಅಗಲ, ಆಳ ಅಳೆದು, ಹತ್ತು ಮೀಟರ್ ದೂರವನ್ನು ಹಸಿ ಅಡಿಕೆಯೊಂದು ಎಷ್ಟು ಸೆಕೆಂಡಿನಲ್ಲಿ ತೇಲಿ ದಾಟುತ್ತದೆ ಎಂದು ನೋಡುತ್ತೀರಿ. ಮೇಲ್ಮೈಯ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ. ಅದರಿಂದ ಸೆಕೆಂಡಿಗೆ ಎಷ್ಟು ಲೀಟರ್ ಹರಿಯಿತು ಎಂಬ ಲೆಕ್ಕ. ಇದು ಯಾಕೆ ಬೇಕು? ಮಳೆಗಾಲದಲ್ಲಿ ತೋಡು ತುಂಬಿ ಹರಿಯುವಾಗ ಒಂದು ಲೀಟರ್ ನೀರಿನಲ್ಲಿ ಮಲಿನ ಕಡಿಮೆಯೇ ಕಾಣುತ್ತದೆ. ಆದರೆ ಹರಿದು ಹೋದ ಅಷ್ಟೂ ಲೀಟರುಗಳನ್ನು ಲೆಕ್ಕ ಹಾಕಿದರೆ ಹೊಳೆಗೆ ಸೇರಿದ ಮಲಿನದ ಒಟ್ಟು ತೂಕ ಬೇಸಿಗೆಗಿಂತ ಹೆಚ್ಚಿರಬಹುದು. ಆಗಸ್ಟ್‌ನಲ್ಲಿ ಮಾತ್ರ ಮಾದರಿ ತೆಗೆದು ಸಮಾಧಾನಪಡುವ ವರದಿಯನ್ನು ನಾನು ಒಪ್ಪುವುದಿಲ್ಲ. ಮೊದಲ ಮಳೆಗೆ ಬರಬೇಕು, ಬೇಸಿಗೆಗೂ ಬರಬೇಕು. ಕೆಳಗೆ ಮರವೂರಿನಲ್ಲಿ ಹೊಳೆಗೆ ಕಿಂಡಿ ಅಣೆಕಟ್ಟು ಇದೆ, ಬೇಸಿಗೆಯಲ್ಲಿ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಹಲವು ಗ್ರಾಮಗಳಿಗೆ ಕುಡಿಯುವ ನೀರು ಅಲ್ಲಿಂದಲೇ. ನಿಂತ ನೀರಿಗೆ ತೋಡು ತಂದು ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಅಲ್ಲಿ ಕ್ಲೋರೈಡ್ ಹೆಚ್ಚಿದರೆ ಸಮುದ್ರದ ಉಪ್ಪು ನೀರು ಏರಿ ಬಂದಿರಬಹುದು ಎಂಬ ವಾದ ಏಳುತ್ತದೆ, ಏಳುವುದು ನ್ಯಾಯವೇ. ಆದರೆ ಸಮುದ್ರದ ಉಪ್ಪು ತನ್ನ ಜೊತೆ ಅಮೋನಿಯಾ ತರುವುದಿಲ್ಲ. ಎರಡೂ ಒಟ್ಟಿಗೆ ಏರಿದ್ದರೆ ಗುಡ್ಡದ ಕಡೆ ತಿರುಗಿ ನೋಡಬೇಕು.

ಮೂರೂವರೆಗೆ ಮತ್ತೆ ಗುಡ್ಡ ಹತ್ತುತ್ತೀರಿ. ಮೋಡ ಕವಿದಿದೆ, ಗಾಳಿ ಇಲ್ಲ. ಇನ್ನು ಅಳೆಯಬೇಕಾದದ್ದು ಕಣ್ಣಿಗೂ ಕಾಣದು, ಮೂಗಿಗೂ ಸಿಗದು. ಕಸ ಗಾಳಿಯಿಲ್ಲದೆ ಕೊಳೆತಾಗ ಹುಟ್ಟುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ನಾತ ಬರುವುದು ಅದರ ಜೊತೆಗಿರುವ ಗಂಧಕದ ಅನಿಲಗಳಿಂದ, ಮೀಥೇನಿಗೆ ವಾಸನೆಯಿಲ್ಲ. ಗಾಳಿಯಲ್ಲಿ ಅದು ಶೇಕಡ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಆದ್ದರಿಂದ ಆ 5ರ ಕಾಲು ಭಾಗ, ಅಂದರೆ ಶೇಕಡ 1.25, ಮುಟ್ಟಿದರೇ ಎಚ್ಚರಿಕೆಯ ಗೆರೆ ಎಂದು ಇಟ್ಟಿದ್ದಾರೆ.

ಮಳೆಗಾಲದಲ್ಲಿ ಇದರ ಭಯ ಹೆಚ್ಚು. ಮಣ್ಣಿನ ಮೇಲ್ಪದರದ ಸಂದುಗಳೆಲ್ಲ ನೀರಿನಿಂದ ತುಂಬಿ ಮುಚ್ಚಿಹೋದಾಗ ಅನಿಲ ಮೇಲಕ್ಕೆ ಬರಲಾರದೆ ಅಡ್ಡಕ್ಕೆ ಹೊರಡುತ್ತದೆ. ಮುರಕಲ್ಲಿನ ತೂತು, ಕೇಬಲ್ಲಿನ ಕಾಲುವೆ, ಒಣಗಿದ ಬಾವಿ, ಮನೆಯ ಅಡಿಪಾಯದ ಬಿರುಕು ಎಲ್ಲವೂ ಅದಕ್ಕೆ ದಾರಿ. ಬೇರಿಗೆ ಉಸಿರಾಡಲು ಗಾಳಿ ಸಿಗದೆ ಗಿಡಗಳು ಕಣ್ಣಿಗೆ ಕಾಣುವ ಕಾರಣವಿಲ್ಲದೆ ಒಣಗಿದ ಕಡೆ ಹಿರಿಯರು ನಿಲ್ಲುತ್ತಾರೆ, ಅಲ್ಲೊಂದು ಗುರುತು ಹಾಕುತ್ತಾರೆ.

ಗಡಿಯಲ್ಲಿ ನೆಟ್ಟ ತೂತಿನ ಪ್ಲಾಸ್ಟಿಕ್ ಕೊಳವೆಗೆ ಸಣ್ಣ ನಲ್ಲಿ ಇದೆ. ಮೀಟರಿನ ರಬ್ಬರ್ ನಳಿಕೆ ಸಿಕ್ಕಿಸಿ, ಮೊದಲು ಒಳಗಿನ ಒತ್ತಡ ಓದಿ, ನಂತರ ನಲ್ಲಿ ತೆರೆಯುತ್ತೀರಿ. ಮೀಟರು ಸಣ್ಣಗೆ ಉಸಿರೆಳೆಯುತ್ತದೆ. ಪರದೆಯಲ್ಲಿ ಮೀಥೇನ್, ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್. ಮೂಲೆಯಲ್ಲಿ ಇನ್ನೊಂದು ಅಂಕಿ, ವಾಯುಭಾರ. ಹುಡುಗ ಅದನ್ನು ಬಿಟ್ಟುಬಿಡುತ್ತಾನೆ. ಹಿರಿಯರು ಅವನ ಕೈ ಹಿಡಿದು ನಿಲ್ಲಿಸಿ ಬರೆಸುತ್ತಾರೆ.

ಆ ಅಂಕಿಯ ಬೆಲೆ ಇಂಗ್ಲೆಂಡಿನ ಡರ್ಬಿಶೈರಿನ ಲೋಸ್ಕೋ ಎಂಬ ಊರಿಗೆ ಗೊತ್ತು. 1986ರ ಮಾರ್ಚ್ 24ರ ಬೆಳಗಿನ ಜಾವ ಅಲ್ಲಿಯ ಒಂದು ಮನೆ ಸ್ಫೋಟಿಸಿ ಪೂರ್ತಿ ನೆಲಸಮವಾಯಿತು. ಒಳಗಿದ್ದ ಮೂವರು ಗಾಯಗೊಂಡು ಬದುಕಿದರು. ಹತ್ತಿರದ ಹಳೆಯ ಕಸದ ಗುಂಡಿಯ ಅನಿಲ ಕಲ್ಲಿನ ಬಿರುಕುಗಳಲ್ಲಿ ನಡೆದು ಮನೆಯ ಅಡಿಗೆ ಸೇರಿತ್ತು. ಆ ರಾತ್ರಿ ಏಳು ಗಂಟೆಗಳ ಅವಧಿಯಲ್ಲಿ ವಾಯುಭಾರ 29 ಹೆಕ್ಟೊಪಾಸ್ಕಲ್‌ನಷ್ಟು ಕುಸಿದಿತ್ತು. ಮೇಲಿನ ಗಾಳಿಯ ಒತ್ತು ಸಡಿಲವಾದಾಗ ನೆಲದಡಿಯ ಅನಿಲ ಹೊರಗೆ ನುಗ್ಗಿತು.

ನಮ್ಮ ಕಡೆ ವಾಯುಭಾರ ಅಷ್ಟು ಕುಸಿಯುವುದು ಚಂಡಮಾರುತ ಬಂದಾಗ ಮಾತ್ರ. ಆದರೆ ಉಷ್ಣವಲಯದಲ್ಲಿ ಅದು ದಿನವೂ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಇಳಿವು. ಹಾಗಾದರೆ ಕಚೇರಿಯ ವೇಳೆಗೆ ಸರಿಯಾಗಿ ಹತ್ತಕ್ಕೆ ಬಂದು ಅನಿಲ ಅಳೆದು ಹೋದರೆ ಏನು ಸಿಕ್ಕೀತು? ಮೇಲಿನ ಗಾಳಿ ಅನಿಲವನ್ನು ನೆಲದೊಳಗೇ ಒತ್ತಿ ಹಿಡಿದ ಹೊತ್ತಿನ ಸಮಾಧಾನದ ಅಂಕಿ ಸಿಗುತ್ತದೆ. ನೀವು ನಾಲ್ಕು ಗಂಟೆಗೆ ಇಲ್ಲಿ ನಿಂತಿರುವುದು ಅದಕ್ಕೆ. ಒಂದು ಸಲದ ಅಳತೆ ಸಾಲದು, ಮನೆಗಳು ಹತ್ತಿರವಿರುವ ಕಡೆ ದಿನರಾತ್ರಿ ತಾನೇ ಬರೆದುಕೊಳ್ಳುವ ಮೀಟರು ಇಡಬೇಕು ಎಂದು ಹಿರಿಯರು ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ಪ್ರತಿ ವರದಿಯ ಕೊನೆಗೂ ಬರೆಯುತ್ತಾರೆ.

ಕೊನೆಗೆ ಕಸದ ಬುಡ. ಕಪ್ಪು ನೀರು ನಿಂತ ಗುಂಡಿ, ಮೇಲೆ ನೊರೆ. ಕಣ್ಣು ಉರಿಯುತ್ತದೆ. ಬೇಗ ಮುಗಿಸಿ, ಬಾಟಲಿಯನ್ನು ಎರಡು ಚೀಲಗಳಲ್ಲಿ ಸುತ್ತಿ ಬೇರೆಯದೇ ಪೆಟ್ಟಿಗೆಯಲ್ಲಿ ಇಡುತ್ತೀರಿ. ಗ್ಲೌಸು ಕಳಚಿ ಎಸೆಯುವ ಚೀಲಕ್ಕೆ.

ಜೀಪು ನಿಲ್ಲಿಸಿದ್ದು ಆ ಹೆಂಚಿನ ಮನೆಯ ಹತ್ತಿರ. ಐಸ್ ಬದಲಿಸಬೇಕು, ಯಾರ ಕೈಯಿಂದ ಯಾರ ಕೈಗೆ ಯಾವ ವೇಳೆಗೆ ಹೋಯಿತು ಎಂಬ ಹಾಳೆ ತುಂಬಬೇಕು. ರೋಗಾಣು ಪರೀಕ್ಷೆಯ ಬಾಟಲಿ 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು, ಬಿ.ಒ.ಡಿ. (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಯ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಲೋಹಗಳು ಇನ್ನೂ ನಿಧಾನ. ಹೆಂಗಸು ಜಗಲಿಯಿಂದ ಇಳಿದು ಬರುತ್ತಾರೆ.

“ರಿಪೋರ್ಟು ಯಾವಾಗ ಬರ್ತದೆ?”

ಹುಡುಗ ಹಿರಿಯರ ಮುಖ ನೋಡುತ್ತಾನೆ. ಅವರು ಪೆನ್ನು ಅವನ ಕೈಗೇ ಕೊಡುತ್ತಾರೆ. “ಲ್ಯಾಬಿಂದು ಬರ್ಲಿಕ್ಕೆ ದಿನ ಹಿಡೀತದೆ ಅಕ್ಕ. ಇಲ್ಲಿ ನೋಡಿದ್ದು ಈಗ್ಲೇ ಬರ್ಕೊಡ್ತಾನೆ. ಒಂದು ಕಾಗದ ಕೊಡಿ.”

ಒಳಗಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ಬರುತ್ತದೆ. ಅದರ ಬೆನ್ನಿಗೆ ಹುಡುಗ ಗೆರೆ ಎಳೆಯುತ್ತಾನೆ. ದಿನಾಂಕ, ನೀರಿನ ಆಳ, ಪಿ.ಎಚ್., ವಾಹಕತೆ, ಆಮ್ಲಜನಕ. ಕೆಳಗೆ ಸಾಲುಗಳನ್ನು ಖಾಲಿ ಬಿಡುತ್ತಾನೆ. ಹೆಂಗಸು ಕನ್ನಡಕ ಹಾಕಿಕೊಂಡು ಓದುತ್ತಾರೆ.

“ಇದು ನಮ್ಮದು. ಮೇಲಿನ ಬಾವಿದು ಎಷ್ಟು?”

ಅವನು ಅದನ್ನೂ ಪಕ್ಕದಲ್ಲಿ ಬರೆಯುತ್ತಾನೆ. ಅವರು ಎರಡರ ಮೇಲೂ ಬೆರಳಿಟ್ಟು ನೋಡುತ್ತಾರೆ.

“ಇನ್ನು ಯಾವಾಗ ಬರುದು ನೀವು?”

“ದೀಪಾವಳಿ ಕಳೆದ ಮೇಲೆ. ಮಳೆ ನಿಂತ ಮೇಲಿನದ್ದು ನೋಡ್ಬೇಕಲ್ಲ. ಮತ್ತೆ ಬೇಸಿಗೆಯಲ್ಲಿ.”

“ಹಾಗಾದ್ರೆ ಇದರಲ್ಲೇ ಬರೀಬೇಕು. ಲ್ಯಾಬಿಂದು ಬಂದ್ರೆ ಅದೂ ಇದರಲ್ಲೇ. ಆಚೆ ಮನೆಯವರಿಗೂ ಒಂದು ಬರ್ದು ಕೊಡಿ, ಅವರ ಬಾವಿ ನಮ್ಮದಕ್ಕಿಂತ ತಗ್ಗಿನಲ್ಲಿ ಉಂಟು.”

ಹುಡುಗ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಖಾಲಿ ಬಾಟಲಿ ಎಷ್ಟು ಉಳಿದಿವೆ ಎಂದು ನೋಡುತ್ತಾನೆ. ಒಂದು ಬಾವಿಗೆ ಬೇಕಾಗುವಷ್ಟು ಇವೆ. ಹಿರಿಯರು ಗಡಿಯಾರ ನೋಡಿ, ಹೊಸ ಗ್ಲೌಸು ತೆಗೆದು ಹಾಕಿಕೊಳ್ಳುತ್ತಾರೆ. ನೀವು ಟೇಪಿನ ಸುರುಳಿಯನ್ನು ಬಟ್ಟಿ ನೀರಿನಲ್ಲಿ ತೊಳೆದು ಹೆಗಲಿಗೆ ಹಾಕಿ, ಆಚೆ ಮನೆಯ ತಡಮ್ಮೆ ದಾಟುತ್ತೀರಿ.